ಹಗುರಾದ ಕರಡಿಗೆ

ಬೆಳಿಗ್ಗೆ ಕಸದ ಗಾಡಿಯ ಹಾಡು ನಮ್ಮ ಓಣಿಯ ತಿರುವಿನಲ್ಲಿ ಕೇಳಿಸಿದ ಕೂಡಲೇ ನನ್ನ ಕೈ ತಾನಾಗಿಯೇ ಕೊರಳಿಗೆ ಹೋಗುತ್ತದೆ. ಕೊರಳಲ್ಲಿರುವುದು ಅಲ್ಲೇ ಇದೆ ಎಂದು ಮುಟ್ಟಿ ನೋಡಿಕೊಂಡ ಮೇಲೆಯೇ ನಾನು ಬಕೆಟ್ಟು ಎತ್ತುವುದು. ಅಕ್ಕೋರಿಗೆ ಕಸದ ಗಾಡಿ ಕಂಡರೂ ಭಕ್ತಿ ಉಕ್ಕುತ್ತದೆ ಎಂದು ಎದುರು ಮನೆಯವರು ನಗುತ್ತಾರಂತೆ. ನಗಲಿ ಬಿಡಿ. ನಾನೂ ಅವರನ್ನು ಕಡಿಮೆ ಕಾಡಿಸಿಲ್ಲ.

ಬಾಗಲಕೋಟೆಯ ನವನಗರದ ನಮ್ಮ ಓಣಿಯಲ್ಲಿ ನನಗೆ ‘ಬಕೆಟ್ ಅಕ್ಕೋರು’ ಎಂಬ ಹೆಸರಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮದುವೆಯಾಗಲಿಲ್ಲ, ಅದರ ಕತೆ ಇಲ್ಲಿ ಬೇಡ. ಗಣಿತದವರಿಗೆ ಒಂದು ರೋಗವಿರುತ್ತದೆ, ಎಲ್ಲವೂ ತಂತಮ್ಮ ಕಂಸದೊಳಗೇ ಇರಬೇಕು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಎಂದು ಎರಡೆರಡು ಬಕೆಟ್ಟುಗಳನ್ನು ಮನೆ ಮನೆಗೆ ಹಂಚಿದ ದಿನ ಇಡೀ ಓಣಿಯಲ್ಲಿ ಹಿಗ್ಗಿದವಳು ನಾನೊಬ್ಬಳೇ. ಉಳಿದವರಲ್ಲಿ ಕೆಲವರು ಹಸಿರು ಬಕೆಟ್ಟಿನಲ್ಲಿ ಜೋಳದ ಹಿಟ್ಟು ತುಂಬಿದರು, ಕೆಲವರು ನೀಲಿ ಬಕೆಟ್ಟನ್ನು ಬಚ್ಚಲಿಗೆ ಒಯ್ದರು. ನಾನು ಗೇಟಿನ ಬಳಿ ನಿಂತು ಅವರಿವರ ಬಕೆಟ್ಟುಗಳಲ್ಲಿ ಇಣುಕಿ ನೋಡಿ, "ವೈನಿ, ಬಾಳೆಹಣ್ಣಿನ ಸಿಪ್ಪಿ ನೀಲಿದ್ರಾಗ ಯಾಕ ಬಿತ್ತು?" ಎಂದು ಉತ್ತರಪತ್ರಿಕೆ ತಿದ್ದಿದ ಹಾಗೆ ತಿದ್ದುತ್ತಿದ್ದೆ. ನಾನು ಬರುವುದು ಕಂಡರೆ ಜನ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದರು.

ನನ್ನ ಈ ಹೊಸ ವ್ಯಾಕರಣ ತಲೆಗೆ ಹತ್ತದೇ ಹೋದದ್ದು ನನ್ನ ಮನೆಯಲ್ಲೇ, ನಮ್ಮ ಅವ್ವನಿಗೆ. ಅವಳ ಲೋಕದಲ್ಲಿ ಕಸ ಎಂಬುದೇ ಇರಲಿಲ್ಲ. ಶಿರೂರಿನ ನಮ್ಮ ಅಜ್ಜನ ಮನೆಯ ಹಿಂದೆ ತಿಪ್ಪೆ ಇತ್ತು. ಸೆಗಣಿ, ಬೂದಿ, ಜೋಳದ ಕಣಕಿಯ ಚೂರು, ಕಸಬರಿಗೆಯ ಕೊನೆಯ ಕಡ್ಡಿ ಎಲ್ಲವೂ ಅದಕ್ಕೆ ಹೋಗಿ, ಬೇಸಿಗೆ ಮುಗಿಯುವ ಹೊತ್ತಿಗೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ನಾವು ಮಕ್ಕಳು ಅದರ ಮೇಲೆ ಹತ್ತಿ ಕುಣಿದರೆ ಅಜ್ಜ ಬೈಯುತ್ತಿದ್ದ. ಹೊಲಸು ಎಂದಲ್ಲ, ತಿಪ್ಪೆ ಹರಡಿ ಹಾಳಾಗುತ್ತದೆ ಎಂದು. ಅವ್ವ ಸೀರೆ ಹರಿದರೆ ಕೌದಿ ಹೊಲಿದಳು, ಕೌದಿ ಹರಿದರೆ ಕಾಲೊರಸು ಮಾಡಿದಳು, ಕಾಲೊರಸೂ ಹರಿದ ಮೇಲೆ ಅದರ ಚಿಂದಿಯಿಂದ ಕಂದೀಲಿನ ಗಾಜು ಒರೆಸಿದಳು. ಇಂಥವಳ ಮುಂದೆ ಎರಡು ಬಕೆಟ್ಟು ಇಟ್ಟು, ಇವನ್ನು ದಿನಾ ತುಂಬಿಸು ಎಂದರೆ ಆಕೆಗೆ ದಿಕ್ಕು ತೋಚದಂತಾಗಿತ್ತು.

ಅದರಲ್ಲೂ ಪೂಜೆಯ ಹೂವಿನ ಪ್ರಶ್ನೆ ಬಂದಾಗ ನಮ್ಮಿಬ್ಬರಿಗೂ ಜಗಳವೇ ಆಯಿತು. ಹಳೆಯ ಬಾಗಲಕೋಟೆಯಲ್ಲಿ ನಾವಿದ್ದಾಗ ಲಿಂಗಕ್ಕೆ ಏರಿಸಿದ ಹೂವು ಪತ್ರೆಗಳನ್ನು ಅವ್ವ ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕುತ್ತಿದ್ದಳು. ಆ ಮನೆ, ಆ ದಾಸವಾಳ ಎಲ್ಲ ಈಗ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿವೆ. ನವನಗರದಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಸುತ್ತ ಒಂದು ಗೇಣು ಮಣ್ಣಿರಲಿಲ್ಲ, ಗೋಡೆಯಿಂದ ಗೋಡೆಗೆ ಫರಸಿಕಲ್ಲು.

"ಪೂಜಿ ಹೂವು ಕಸ ಹೆಂಗಾತು, ಶಾಂತಾ?"

"ಹಸಿ ಕಸ ಯವ್ವಾ. ಗೊಬ್ಬರ ಮಾಡ್ತಾರ ಅದನ್ನ."

"ಯಾರು ಮಾಡ್ತಾರ?"

"ಊರ ಹೊರಗ ಮಾಡ್ತಾರ."

"ನೀ ನೋಡೀಯೇನು?"

ನಾನು ನೋಡಿರಲಿಲ್ಲ. ಆದರೂ ಹೂಂ ಎಂದೆ. ಶಾಲೆಯಲ್ಲಿ ಮಕ್ಕಳಿಗೆ ಅದರ ಚಿತ್ರ ತೋರಿಸಿದ್ದೆನಲ್ಲ, ಬಾಣದ ಗುರುತುಗಳ ಸಮೇತ. ಹೊಲಕ್ಕೆ ಹೋಗುವುದಾದರೆ ಅಡ್ಡಿಯಿಲ್ಲ ಎಂದು ಅವ್ವ ಒಪ್ಪಿದಳು. ಆದರೆ ಪೂಜೆಯ ಹೂವನ್ನು ಬೇರೆ ಯಾರೂ ಮುಟ್ಟಬಾರದು, ತಾನೇ ಹಾಕುತ್ತೇನೆ ಎಂದು ಕರಾರು ಮಾಡಿದಳು.

ಅವ್ವನ ಲಿಂಗಪೂಜೆ ಎಂದರೆ ಅದೊಂದು ಪ್ರತ್ಯೇಕ ಗಳಿಗೆ. ಸಣ್ಣವಳಿದ್ದಾಗ ಗುರುಗಳು ಅವಳ ಕೊರಳಿಗೆ ಕಟ್ಟಿದ ಇಷ್ಟಲಿಂಗ ಅದು. ಕಪ್ಪಗೆ, ನೇರಳೆ ಹಣ್ಣಿನ ಗಾತ್ರ. ಅದನ್ನಿಡುವ ಬೆಳ್ಳಿಯ ಕರಡಿಗೆ ದಾರದಲ್ಲಿ ಸದಾ ಎದೆಯ ಮೇಲೆ ತೂಗುತ್ತಿತ್ತು. ಸ್ನಾನವಾದ ಮೇಲೆ ಲಿಂಗವನ್ನು ಹೊರತೆಗೆದು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣು ಅದರಲ್ಲೇ ನೆಟ್ಟು ಕುಳಿತಳೆಂದರೆ ಹೊರಗೆ ಏನಾದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು ಆ ಹೊತ್ತನ್ನು ನೋಡಿಕೊಂಡೇ ಸಕ್ಕರೆ ಡಬ್ಬಿಗೆ ಕೈ ಹಾಕುತ್ತಿದ್ದೆ. ಎಷ್ಟೋ ವರ್ಷ ಹೆಬ್ಬೆರಳು ಸವರಿ ಸವರಿ ಲಿಂಗದ ಒಂದು ಬದಿ ಸಣ್ಣಗೆ ತಗ್ಗಾಗಿತ್ತು. ಊರು ಮುಳುಗಡೆಯಾಗಿ ಲಾರಿಯಲ್ಲಿ ಸಾಮಾನು ಹೇರಿಕೊಂಡು ಬರುವಾಗ, ಆಗಿನ್ನೂ ಬದುಕಿದ್ದ ಅಪ್ಪ ಲಾರಿಯ ಹಿಂದೆ ಕೂತು ಅತ್ತಿದ್ದ. ಅವ್ವ ಅಳಲಿಲ್ಲ. "ಮನಿ ಹ್ವಾದ್ರ ಹೋಗ್ಲಿ ಬಿಡ್ರಿ, ಕೊರಳಾಗಿಂದು ಕೊರಳಾಗ ಐತಿ" ಎಂದಿದ್ದಳು.

ಈಚೆಗೆ ಅವಳ ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು. ಕಣ್ಣಿನ ಆಪರೇಶನ್ನಿಗೆ ಒಪ್ಪಿರಲಿಲ್ಲ. ನಡುಗುವ ಕೈಯಿಂದ ಲಿಂಗ ಜಾರಿ ಬಿದ್ದೀತೆಂದು ಸಣ್ಣದೊಂದು ತಾಮ್ರದ ತಟ್ಟೆಯಲ್ಲಿ ಪತ್ರೆ ಹಾಸಿ ಅದರ ಮೇಲಿಟ್ಟು ಪೂಜೆ ಮಾಡಲು ಶುರು ಮಾಡಿದ್ದಳು.

ದೀಪಾವಳಿ ಕಳೆದ ಮೇಲಿನ ಒಂದು ಚಳಿಯ ಮುಂಜಾನೆ. ಗಾಡಿ ಅಂದು ಬೇಗ ಬಂತು. ನಾನು ಡಬ್ಬಿಗೆ ರೊಟ್ಟಿ ತುಂಬುತ್ತ ಶಾಲೆಯ ಗಡಿಬಿಡಿಯಲ್ಲಿದ್ದೆ. ಹಾಡು ಕೇಳಿದ ಅವ್ವ "ಬಂತು, ಬಂತು" ಎಂದು ತಟ್ಟೆ ಹಿಡಿದುಕೊಂಡು ಗೋಡೆ ಸವರುತ್ತ ಹೊರಗೆ ಬಂದು, ಹೂವನ್ನು ಹಸಿರು ಬಕೆಟ್ಟಿಗೆ ಹಾಕಿದಳು. ನಾನು ಬಕೆಟ್ಟು ಒಯ್ದು ಗಾಡಿಯ ಡ್ರೈವರ್ ಮೌಲಾಸಾಬನಿಗೆ ಕೊಟ್ಟೆ. ಅವನು ಅದನ್ನು ಬೋರಲು ಹಾಕಿ, ತಳಕ್ಕೆ ಎರಡು ಪೆಟ್ಟು ಕೊಟ್ಟು ಹಿಂದಿರುಗಿಸಿದ. ದಿನಾ ಹೇಗೋ ಅಂದೂ ಹಾಗೇ.

ಮಧ್ಯಾಹ್ನ ಶಾಲೆಗೆ ಎದುರು ಮನೆಯ ವೈನಿಯ ಫೋನು ಬಂತು. "ಅಕ್ಕೋರ, ನಿಮ್ಮವ್ವ ಉಣವಲ್ರು. ಏನ್ ಕೇಳಿದ್ರೂ ಹೇಳವಲ್ರು. ಜಲ್ದಿ ಬರ್ರಿ."

ನಾನು ಬಂದಾಗ ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ಮುಂದೆ ಮುಚ್ಚಿಟ್ಟ ತಾಟು. ಕೈಯಲ್ಲಿ ಕರಡಿಗೆ. ನನ್ನ ಹೆಜ್ಜೆಯ ಸಪ್ಪಳಕ್ಕೆ ಮುಖ ಎತ್ತಿ, "ಶಾಂತಾ, ಕರಡಿಗಿ ಹಗೂರಾಗೇತಿ ನೋಡವಾ" ಎಂದಳು.

ತೆರೆದು ನೋಡಿದೆ. ಒಳಗೆ ವಿಭೂತಿಯ ಪುಡಿ, ಒಣಗಿದ ಒಂದು ಎಸಳು. ಮತ್ತೇನೂ ಇರಲಿಲ್ಲ.

ದೇವರ ಕೋಣೆ, ಹಾಸಿಗೆ, ಬಚ್ಚಲಿನ ಮೋರಿ ಎಲ್ಲ ತಡಕಿದೆವು. ಹುಡುಕುತ್ತಿದ್ದಾಗಲೇ ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಅನ್ನುವ ಧೈರ್ಯವಿರಲಿಲ್ಲ. ಕೊನೆಗೆ ಅವ್ವನೇ ಅಂದಳು. "ಹೂವಿನ ಕೂಡ ಹೋತು. ನಾನ ಕೈಯಾರೆ ಹಾಕೀನಿ."

ಆಟೋ ಹಿಡಿದು ಕಸದ ಯಾರ್ಡಿಗೆ ಹೋದೆ. ಆಟೋದವನು ಗೇಟಿನಿಂದ ಬಹಳ ದೂರದಲ್ಲೇ ನಿಲ್ಲಿಸಿ, ವಾಸನೆಗೆ ಪ್ಯಾಸೆಂಜರ್ ಹತ್ತುವುದಿಲ್ಲ, ಇಲ್ಲೇ ಇಳಿಯಿರಿ ಎಂದ. ಇಳಿದು ನಡೆದೆ. ನಾನು ಮಕ್ಕಳಿಗೆ ತೋರಿಸುತ್ತಿದ್ದ ಚಿತ್ರದಲ್ಲಿ ಹಸಿರು ಬಣ್ಣದ ಚೌಕ, ಅದರಿಂದ ಹೊರಡುವ ಬಾಣ, ಬಾಣದ ತುದಿಯಲ್ಲಿ ನಗುತ್ತಿರುವ ರೈತ ಇದ್ದರು. ಇಲ್ಲಿ ಒಂದು ಗುಡ್ಡವಿತ್ತು. ಬದಾಮಿಯ ಗುಡ್ಡಗಳ ಹಾಗೆ ಕೆಂಪಲ್ಲ, ಬಣ್ಣವೇ ಇಲ್ಲದ ಗುಡ್ಡ. ಅದರ ಒಂದು ಮಗ್ಗುಲಲ್ಲಿ ಹೊಗೆ ಏಳುತ್ತಿತ್ತು, ಬೆಂಕಿ ಕಾಣುತ್ತಿರಲಿಲ್ಲ. ನಾಯಿಗಳು, ಕೊಕ್ಕರೆಗಳು, ಬಾಯಿ ತುಂಬ ಪ್ಲಾಸ್ಟಿಕ್ ಚೀಲ ಅಗಿಯುತ್ತ ನಿಂತ ಆಕಳು. ಅಲ್ಲಿ ಗಾಡಿ ತೊಳೆಯುತ್ತಿದ್ದ ಮೌಲಾಸಾಬ ನನ್ನನ್ನು ಕಂಡು ಗಾಬರಿಯಾದ.

"ಅಕ್ಕೋರ! ನೀವ್ಯಾಕ್ರಿ ಇಲ್ಲಿ?"

ಹೇಳಿದೆ. ಅವನ ಮುಖ ಸಣ್ಣಗಾಯಿತು. ಬೆಳಗಿನ ಗಾಡಿ ಸುರಿದ ಜಾಗ ತೋರಿಸಿದ. ಅಷ್ಟರಲ್ಲಾಗಲೇ ಮೂರ್ನಾಲ್ಕು ಗಾಡಿಗಳು ಅದರ ಮೇಲೆ ಸುರಿದು ಹೋಗಿದ್ದವು. ಹಸಿ ಕಸ, ಒಣ ಕಸ, ಮಕ್ಕಳ ಡೈಪರು, ಮದುವೆ ಮನೆಯ ತಾಟು ಲೋಟ, ಒಡೆದ ಟ್ಯೂಬ್‌ಲೈಟು ಎಲ್ಲ ಒಂದೇ ರಾಶಿ.

"ಬೇರೆ ಮಾಡಿ ಹಾಕೂದಿಲ್ಲೇನು ಮೌಲಾಸಾಬ? ನಾ ದಿನಾ ಬೇರೆ ಬೇರೆ ಕೊಡ್ತೇನಲ್ಲ."

"ನೀವ್ ಕೊಡ್ತೀರಿ ಅಕ್ಕೋರ, ಖರೆ. ಹತ್ತು ಮನಿ ಕೊಡ್ತಾರ. ಉಳದ ಮಂದಿ ಒಂದ ಚೀಲದಾಗ ಕಟ್ಟಿ ಒಗಿತಾರ. ಗಾಡ್ಯಾಗ ನಿಮ್ದು ನಿಮ್ದ ಆಗಿ ಎಲ್ಲಿ ಉಳಿತೈತ್ರಿ?"

ರಾಶಿಯ ಬದಿಯಲ್ಲಿ ಒಬ್ಬ ಹೆಂಗಸು ಕಬ್ಬಿಣದ ಕೊಕ್ಕೆಯಿಂದ ಬಾಟಲಿ ಹೆಕ್ಕುತ್ತಿದ್ದಳು. ನನ್ನ ವಯಸ್ಸಿನವಳೇ, ತಲೆಗೆ ಟವೆಲ್ಲು ಸುತ್ತಿಕೊಂಡಿದ್ದಳು. ಮೌಲಾಸಾಬ ಕೂಗಿ ಕರೆದ. ಯಲ್ಲವ್ವ ಎಂದು ಅವಳ ಹೆಸರು. ಅವನು ಹೇಳಿದ್ದನ್ನು ಕೇಳಿಸಿಕೊಂಡು, ನನ್ನನ್ನೊಮ್ಮೆ ನೋಡಿ, ಕೊಕ್ಕೆಯನ್ನು ಅಲ್ಲೇ ಊರಿಟ್ಟಳು.

"ಕೊಕ್ಕಿ ಹಾಕಬಾರ್ದ್ರಿ ಹಂಗಾರ. ಕೈಲೇ ನೋಡಬೇಕು" ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ನಾ ಮುಟ್ಟಿದ್ರ ನಡಿತೈತೇನ್ರಿ ಅಕ್ಕಾರ? ನಿಮ್ಮವ್ವಾರು ಏನಂತಾರೋ."

ನಾನು ಏನೋ ಹೇಳಲು ಹೋಗಿ ತೊದಲಿದೆ. ನಡೆಯುತ್ತದೆ ಎಂದೆನೋ, ಹಾಗೆಲ್ಲ ಯಾಕೆ ಕೇಳುತ್ತೀರಿ ಎಂದೆನೋ ಈಗ ನೆನಪಿಲ್ಲ. ಅವಳು ನನ್ನ ಉತ್ತರಕ್ಕೆ ಕಾಯಲೂ ಇಲ್ಲ. ಬಗ್ಗಿ ಕೈ ಹಾಕಿದಳು. ನಾನೂ ಹಾಕಿದೆ. ಮೌಲಾಸಾಬನೂ ಬಂದ.

ಒಂದು ಕಡೆ ಚೆಂಡು ಹೂವು, ಸೇವಂತಿಗೆ, ಬಿಲ್ವಪತ್ರೆಯ ಮುದ್ದೆ ಸಿಕ್ಕಿತು. ಬಿಡಿಸಿ ನೋಡಿದರೆ ಬರೀ ಹೂವು. ಸ್ವಲ್ಪ ಆಚೆಗೆ ಇನ್ನೊಂದು ಮುದ್ದೆ, ಅದರಾಚೆಗೆ ಮತ್ತೊಂದು. ಊರಿನ ಎಲ್ಲ ಮನೆಗಳ ದೇವರ ಹೂವೂ ಅಲ್ಲಿಗೇ ಬಂದು ಬಿದ್ದಿತ್ತು. ನಮ್ಮವ್ವನ ಹೂವು ಯಾವುದೆಂದು ಹೇಗೆ ಗುರುತು ಹಿಡಿಯಲಿ? ಹೊತ್ತು ಇಳಿಯುವ ತನಕ ಹುಡುಕಿದೆವು. ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತಿದ್ದುದರಿಂದ ನಾನು ಅತ್ತದ್ದು ಅವರಿಬ್ಬರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ. ಹೊರಡುವಾಗ ಯಲ್ಲವ್ವ, "ನೀವ್ ಹೋಗ್ರಿ ಅಕ್ಕಾರ. ನಾ ದಿನಾ ಇಲ್ಲೇ ಇರಾಕಿ. ಕಣ್ಣಿಟ್ಟಿರ್ತೇನಿ" ಎಂದಳು.

ಮನೆಗೆ ಬಂದಾಗ ಅವ್ವ ಕುಳಿತಲ್ಲೇ ಕುಳಿತಿದ್ದಳು. ನೀರು ಸಹ ಕುಡಿದಿರಲಿಲ್ಲ. ಲಿಂಗಪೂಜೆಯಿಲ್ಲದೆ ಬಾಯಿಗೆ ಏನೂ ಹಾಕದವಳು ಅವಳು.

"ಸಿಗಲಿಲ್ಲೇನು?"

"ಇಲ್ಲ ಯವ್ವಾ."

"ಎಂಥಾ ಜಾಗಾ ಅದು?"

ನಾನು ಸ್ನಾನಕ್ಕೆ ಹೋಗುತ್ತೇನೆ ಎಂದು ಎದ್ದೆ. ನನ್ನ ಸೀರೆಯ ವಾಸನೆ ಅವಳ ಮೂಗಿಗೆ ಬಂದಿರಬೇಕು. ಮತ್ತೆ ಕೇಳಲಿಲ್ಲ.

ಮರುದಿನ ಮಠದ ಅಜ್ಜಾರನ್ನು ಕರೆತಂದೆ. ನಮ್ಮ ಕಡೆ ಮಠದ ಸ್ವಾಮಿಗಳಿಗೆ ಅಜ್ಜಾರು ಎನ್ನುತ್ತಾರೆ. ಅವರಿನ್ನೂ ನನಗಿಂತ ಚಿಕ್ಕವರು. ಅವ್ವನ ಎದುರು ಚಾಪೆಯ ಮೇಲೆ ಕುಳಿತು, "ತಾಯಿ, ಲಿಂಗ ಕೈ ಬಿಟ್ಟು ಹೋದ್ರ ಅರಿವು ಹೋಗೂದಿಲ್ಲ. ಉಪವಾಸ ಬಿಡ್ರಿ" ಎಂದರು. ಹೊಸ ಲಿಂಗವನ್ನು ಪೂಜಿಸಿ ಅವಳ ಅಂಗೈಯಲ್ಲಿಟ್ಟರು. ಅವ್ವ ನಮಸ್ಕರಿಸಿದಳು, ಪೂಜೆ ಮಾಡಿಕೊಂಡಳು, ಅಂಬಲಿ ಕುಡಿದಳು. ಅಜ್ಜಾರ ಒಂದು ಮಾತನ್ನೂ ತೆಗೆದುಹಾಕಲಿಲ್ಲ. ಅಜ್ಜಾರು ಹೋದ ಮೇಲೆ ಮಾತ್ರ ನನ್ನೆದುರು, "ಇದು ಇನ್ನೂ ನನ್ನ ಕೈ ಗುರುತು ಹಿಡಿವಲ್ದು, ಶಾಂತಾ" ಎಂದಳು. ಅವಳ ಹೆಬ್ಬೆರಳು ಹೊಸ ಲಿಂಗದ ಮೇಲೆ ಆ ತಗ್ಗನ್ನು ಹುಡುಕುತ್ತ ಸುಮ್ಮನೆ ಸುತ್ತುತ್ತಿತ್ತು.

ಕೆಲವು ದಿನಗಳ ನಂತರ ಯಲ್ಲವ್ವ ಮನೆ ಹುಡುಕಿಕೊಂಡು ಬಂದಳು. ಮೌಲಾಸಾಬ ಗುರುತು ಹೇಳಿ ಕಳಿಸಿದ್ದನಂತೆ. ಮೈ ತೊಳೆದುಕೊಂಡು, ತಲೆ ಬಾಚಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಸೆರಗಿನ ಗಂಟಿನಲ್ಲಿ ಒಂದು ಕರಿಯ ಗೋಲಿ. "ಇದೇನ್ರಿ?" ಎಂದಳು. ಅಲ್ಲ. ಇನ್ನೊಂದು ಸಲ ಹಳೆಯ ಕೋಟಿನ ದುಂಡನೆಯ ಗುಂಡಿ ತಂದಳು. ಮತ್ತೊಮ್ಮೆ ಅಂಟುವಾಳದ ಕಾಯಿ. ಅದನ್ನು ನೋಡಿ ನಮ್ಮವ್ವ ನಕ್ಕಳು. ಲಿಂಗ ಹೋದ ಮೇಲೆ ಅವಳು ನಕ್ಕಿದ್ದು ಅದೊಂದೇ ಸಲ. ಯಲ್ಲವ್ವನೂ ಬಾಯಿಗೆ ಸೆರಗು ಒತ್ತಿ ನಕ್ಕಳು. ಆದರೆ ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೇ ಕೂರುತ್ತಿದ್ದಳು.

"ಒಳಗ ಬಾ" ಎಂದಳು ಅವ್ವ.

"ಇಲ್ಲೇ ಛಲೋ ಐತ್ರಿ ಯವ್ವಾ."

"ನನ್ನ ಲಿಂಗ ಹುಡಕಾಕಿ ನೀ. ನೀ ಹೊರಗ, ನಾ ಒಳಗ ಕುಂತ್ರ ಹೆಂಗ? ಬಾ."

ಯಲ್ಲವ್ವ ನನ್ನ ಮುಖ ನೋಡಿದಳು. ನಾನು ಅಂದು ಯಾರ್ಡಿನಲ್ಲಿ ಆದ ಮಾತನ್ನು, ಮುಟ್ಟಬಹುದೇ ಎಂದು ಅವಳು ಕೇಳಿದ್ದನ್ನು ಅವ್ವನಿಗೆ ಹೇಳಿದ್ದೆ. ಆಗ ಅವ್ವ, "ಲಿಂಗಕ್ಕ ಈಗ ನನಗಿಂತ ಆಕೀನ ಹತ್ರ ಅದಾಳ. ನಾ ಯಾರು ಬ್ಯಾಡ ಅನ್ನಾಕ?" ಎಂದಿದ್ದಳು. ಯಲ್ಲವ್ವ ಒಳಗೆ ಬಂದಳು. ಅವ್ವ ಅವಳ ಕೈಗಳನ್ನು ಹಿಡಿದು ಸವರಿ, "ಎಷ್ಟು ಗಾಯ ಅದಾವಲ್ಲೇ ತಂಗಿ" ಎಂದಳು.

"ಗಾಜು ಹತ್ತತೈತ್ರಿ. ಸೂಜಿನೂ ಇರ್ತಾವ. ಮಂದಿ ಹಂಗ ಒಗಿತಾರ."

ಅಂದಿನಿಂದ ನಮ್ಮ ಮನೆಯಲ್ಲಿ ಒಡೆದ ಗಾಜಿದ್ದರೆ ಅವ್ವ ಅದನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೊಂದು ದಾರ ಕಟ್ಟದೆ ಕೊಡುತ್ತಿರಲಿಲ್ಲ. ನಾನು ಎಷ್ಟೋ ಸಲ ಕೊಟ್ಟ ಉಪನ್ಯಾಸದಿಂದ ಆಗದ ಕೆಲಸ ಅದು. ಬಕೆಟ್ ಅಕ್ಕೋರ ಬಾಯಿ ಮಾತ್ರ ಆಮೇಲೆ ಕಟ್ಟಿಹೋಯಿತು. ಅವರಿವರ ಬಕೆಟ್ಟಿನಲ್ಲಿ ಇಣುಕುವುದಕ್ಕೆ ಮನಸ್ಸೇ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಯಲ್ಲವ್ವ ಏದುಸಿರು ಬಿಡುತ್ತ ಬಂದಳು. "ಸಿಕ್ಕೈತ್ರಿ ಯವ್ವಾ!" ಎಂದು ಬಾಗಿಲಿನಿಂದಲೇ ಕೂಗಿದಳು. ಹಣೆಯಲ್ಲಿ ಬೆವರು. ಸೆರಗು ಬಿಚ್ಚಿದರೆ, ನಿಜವಾಗಿಯೂ ಲಿಂಗ. ಕಪ್ಪಗೆ, ದುಂಡಗೆ, ಅಂಚಿಗೆ ಮಣ್ಣು ಮೆತ್ತಿಕೊಂಡದ್ದು. ಅವ್ವನ ಅಂಗೈಯಲ್ಲಿಟ್ಟೆ.

ಅವಳ ಹೆಬ್ಬೆರಳು ಒಂದು ಸುತ್ತು ಬಂತು. ಅಷ್ಟೇ ಸಾಕಾಯಿತು.

"ಇದು ನಂದಲ್ಲ."

ಯಲ್ಲವ್ವ ಅಲ್ಲೇ ಕುಸಿದು ಕುಳಿತಳು. ಅವ್ವ ಮಾತ್ರ ಅದನ್ನು ಕೆಳಗಿಡಲಿಲ್ಲ. "ಎಲ್ಲಿ ಸಿಕ್ತು ತಂಗಿ?" ಎಂದು ಕೇಳಿದಳು.

"ಒಂದು ಕ್ಯಾರಿಬ್ಯಾಗಿನ್ಯಾಗ ಇತ್ರಿ. ಅದ್ರಾಗ ಹಳೇ ಫೋಟೋ ಕಟ್ಟು, ವಿಭೂತಿ ಗಟ್ಟಿ, ರುದ್ರಾಕ್ಷಿ ಎಲ್ಲಾ ಕೂಡಿ ಗಂಟ ಹಾಕಿದ್ರು."

"ಗಂಟ ಹಾಕಿದ್ರು?" ಅವ್ವ ಅದೇ ಮಾತನ್ನು ಎರಡು ಸಲ ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಯಾರದೋ ಮನ್ಯಾಗ ಯಾರೋ ಉಪವಾಸ ಕುಂತಿರ್ತಾರ ಶಾಂತಾ. ಗೊತ್ತಿಲ್ಲದ ಹಾಕಿರ್ತಾರ. ನಿನ್ನ ಫೋನಿನ್ಯಾಗ ಎಲ್ಲಾರಿಗೂ ತಿಳಿಸು" ಎಂದಳು.

ನಮ್ಮ ಓಣಿಯ ಗ್ರೂಪಿಗೆ ಹಾಕಿದೆ. ಶಾಲೆಯವರಿಗೆ, ಮಠದವರಿಗೆ ಕಳಿಸಿದೆ. ಅವರು ಮತ್ತೆ ಎಲ್ಲೆಲ್ಲಿಗೋ ಕಳಿಸಿದರು. ಇಳಕಲ್ಲಿನ ನನ್ನ ಹಳೆಯ ಗೆಳತಿಗೂ ಅದು ಮುಟ್ಟಿ ಅವಳು ನನಗೇ ವಾಪಸು ಕಳಿಸಿದಳು. ಕೈ ಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಯಾರೋ ಒಬ್ಬರು, "ಹಿರಿಯರದ್ದಿರಬೇಕು ಅಕ್ಕೋರ, ಕೂಡಲಸಂಗಮಕ್ಕ ಹೋದಾಗ ಹೊಳಿಗೆ ಬಿಟ್ಟುಬಿಡ್ರಿ" ಎಂದು ಬರೆದರು. ನಮ್ಮದು ಎಂದು ಯಾರೂ ಬರಲಿಲ್ಲ.

"ಯಾರೂ ಕೇಳಲಿಲ್ಲೇನು?" ನಾನು ಶಾಲೆಯಿಂದ ಬಂದ ಕೂಡಲೇ ಅವ್ವನ ಪ್ರಶ್ನೆ ಅದೇ. ತನ್ನ ಲಿಂಗದ ಬಗ್ಗೆ ಕೇಳುವುದನ್ನು ಬಿಟ್ಟೇಬಿಟ್ಟಳು. ಹೊಳೆಗೆ ಬಿಡುವ ಮಾತನ್ನೂ ಒಪ್ಪಲಿಲ್ಲ. ಒಂದು ಬಿಳಿಯ ಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯಲ್ಲಿಟ್ಟು, ತನ್ನ ಪೂಜೆಯಾದ ಮೇಲೆ ಅದಕ್ಕೂ ಒಂದು ಪತ್ರೆ ಏರಿಸುತ್ತಿದ್ದಳು. ಒಂದು ಸಂಜೆ ದೀಪ ಹಚ್ಚುವಾಗ ಮೆಲ್ಲಗೆ ಅಂದಳು. "ನಂದು ಕಳೀತು. ಇದನ್ನ ಒಗದಾರ. ಭಾಳ ಫರಕ್ ಐತಿ, ಶಾಂತಾ."

ಆ ಮಾತು ಆಡಿದ ಮೇಲೆ ಅವಳು ಇಳಿಯುತ್ತಲೇ ಹೋದಳು. ದವಾಖಾನೆಯಲ್ಲಿ ರಕ್ತ ಪರೀಕ್ಷೆ, ಎದೆಯ ಫೋಟೋ ಎಲ್ಲ ಆಯಿತು. ವಯಸ್ಸಾಗಿದೆ, ಚೆನ್ನಾಗಿ ಊಟ ಮಾಡಿಸಿ ಎಂದರು. ರೊಟ್ಟಿ ಬಿಟ್ಟು ಅನ್ನಕ್ಕೆ ಬಂದಳು, ಅನ್ನ ಬಿಟ್ಟು ಗಂಜಿಗೆ ಬಂದಳು. ಬೇಸಿಗೆಯ ಬಿಸಿಲು ಏರುವ ಮುಂಚೆ ಒಂದು ಮುಂಜಾನೆ, ಪೂಜೆ ಮುಗಿಸಿ, ನನ್ನನ್ನು ಹತ್ತಿರ ಕರೆದು, "ಅದನ್ನ ನನ್ನ ಉಡ್ಯಾಗ ಹಾಕ್ರಿ. ಹೊಳಿಗೆ ಬ್ಯಾಡ" ಎಂದಳು. ಯಾವುದನ್ನು ಎಂದು ನಾನು ಕೇಳಬೇಕಾಗಿರಲಿಲ್ಲ. ಅದೇ ವಾರ ಹೋದಳು.

ನಮ್ಮಲ್ಲಿ ಮಣ್ಣು ಮಾಡುವಾಗ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕೂರಿಸುತ್ತಾರೆ. ಅಜ್ಜಾರು ಕಟ್ಟಿದ ಹೊಸ ಲಿಂಗವನ್ನೇ ಅವಳ ಕೈಯಲ್ಲಿಟ್ಟರು. ನಾನು ಬಿಳಿ ಬಟ್ಟೆಯ ಗಂಟನ್ನು ಮುಂದೆ ಹಿಡಿದಾಗ ನಮ್ಮ ಕಾಕಾ ತಡೆದರು.

"ಒಂದು ಮೈಗೆ ಒಂದು ಲಿಂಗ. ಇದ್ಯಾರದೋ ಏನೋ, ಎಲ್ಲಿ ಬಿದ್ದಿತ್ತೋ ಏನೋ. ಹಂಗೆಲ್ಲಾ ಮಾಡಾಕ ಬರೂದಿಲ್ಲವಾ ಶಾಂತಾ."

ಹಿರಿಯರು ಹೌದು ಹೌದು ಎಂದರು. ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಅಜ್ಜಾರು ಗುಣಿಯ ಒಳಗೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. "ಹಾಕ್ರಿ" ಎಂದರು. "ಯಾರಿಗೂ ಬ್ಯಾಡಾದದ್ದು ತಾಯಿ ಉಡ್ಯಾಗ ಇರ್ಲಿ."

ಜನರ ಹಿಂದೆ, ಬೇಲಿಯ ಹತ್ತಿರ, ಯಲ್ಲವ್ವ ನಿಂತಿದ್ದಳು. ಬಿಲ್ವಪತ್ರೆ ತಂದಿದ್ದಳು. ನಾನು ಹೋಗಿ ಕೈಹಿಡಿದು ಕರೆತಂದೆ. ಪತ್ರೆ ಹಾಕಿ, ಒಂದು ಹಿಡಿ ಮಣ್ಣು ಹಾಕಿ, "ನಿಮ್ಮದು ನನಗ ಸಿಗಲಿಲ್ರಿ ಯವ್ವಾ" ಎಂದು ಅಷ್ಟೇ ಅಂದಳು.

ಆಮೇಲೆ ಊರಲ್ಲಿ ಒಳ್ಳೆಯದೂ ಆಗಿದೆ, ಇಲ್ಲವೆನ್ನಬಾರದು. ನಾವು ಓಣಿಯ ಹೆಂಗಸರೆಲ್ಲ ಕೂಡಿ ಓಡಾಡಿ, ದೇವರ ಹೂವಿಗೆಂದೇ ಗುಡಿಯ ಹಿಂದೆ ಒಂದು ಗುಂಡಿ ಮಾಡಿಸಿದೆವು. ಅದರ ಗೊಬ್ಬರ ಗುಡಿಯ ಗಿಡಗಳಿಗೆ ಹೋಗುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೇರೆ ಮಾಡಿ ಕೊಡುವ ಮನೆಗಳು ಹೆಚ್ಚಿವೆ, ಗಾಡಿಯಲ್ಲೂ ನಡುವೆ ತಗಡಿನ ಗೋಡೆ ಬಂದಿದೆ. ಯಾರ್ಡಿಗೆ ದೊಡ್ಡ ಮಷೀನು ಬಂದು, ಹಳೆಯ ಗುಡ್ಡವನ್ನು ಜರಡಿ ಹಿಡಿದು ಕರಗಿಸುತ್ತಿದೆ. ಹೊಗೆ ನಿಂತಿದೆ. ಪೇಪರಿನಲ್ಲಿ ಫೋಟೋ ಬಂದಾಗ ನಾನೇ ಅದನ್ನು ಶಾಲೆಯ ಬೋರ್ಡಿಗೆ ಅಂಟಿಸಿದೆ. ಅಂಟಿಸಿ, ಬಹಳ ಹೊತ್ತು ಅದರ ಮುಂದೆಯೇ ನಿಂತಿದ್ದೆ.

ಹುನಗುಂದಕ್ಕೆ ಕೆಲಸದ ಮೇಲೆ ಹೋಗಿದ್ದವಳು ಒಮ್ಮೆ ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಕೊಳ್ಳಲು ಇಳಿದೆ. ಅಂಗಡಿಯ ಹಿಂದೆ ಬೆಲ್ಲದ ಪಾಕದ ಕಡಾಯಿ ತಿಕ್ಕುತ್ತಿದ್ದ ಹೆಂಗಸು ತಲೆಯೆತ್ತಿದರೆ ಯಲ್ಲವ್ವ.

"ಯಾರ್ಡು ಬಿಟ್ಟೀಯೇನು ಯಲ್ಲವ್ವಾ?"

"ನಾ ಎಲ್ಲಿ ಬಿಡ್ಲ್ರಿ ಅಕ್ಕಾರ. ಮಷೀನ್ ಬಂದ ಮ್ಯಾಲೆ ನಮ್ಮನ್ನ ಒಳಗ ಬಿಡವಲ್ರು. ವಯಸ್ಸಿನ ಹುಡುಗ್ಯಾರನ್ನ ನಾಕ ಮಂದೀನ ಶೆಡ್ಡಿನ್ಯಾಗ ಇಟಗೊಂಡ್ರು. ಇಲ್ಲಿ ನನ್ನ ಮಗಳ ಮನಿ ಐತಿ, ಬಂದ್ನಿ." ಕೈ ತೊಳೆದುಕೊಂಡು ಹತ್ತಿರ ಬಂದಳು. "ಮಷೀನಿನವಂಗ ಹೇಳಿದ್ನಿ ಅಕ್ಕಾರ, ಹಿಂಗಿಂಗ ಕರೇದು, ಗುಂಡಂದು, ಸಿಕ್ಕರ ತಗದಿಡಪಾ ಅಂತ. ಸಣ್ಣದಿದ್ರ ಜರಡಿ ತೂತಿನ್ಯಾಗ ಇಳದು ಮಣ್ಣಿನ ಕೂಡ ಹೋಗತೈತಿ ಅಂದ."

"ಮಣ್ಣು ಎಲ್ಲಿಗೆ ಹೋಗತೈತಿ?"

"ತಗ್ಗು ತುಂಬಾಕ ಒಯ್ತಾರ್ರಿ. ಊರ ಆಚಿ ಹೊಸಾ ಪ್ಲಾಟು ಬಿದ್ದಾವಲ್ಲ, ಅಲ್ಲಿಗೆ."

ಬಸ್ಸಿನವನು ಹಾರ್ನು ಹೊಡೆದ. ಇನ್ನೂ ಏನೋ ಹೇಳುವುದಿತ್ತು ಇಬ್ಬರಿಗೂ.

ಮುಂದಿನ ಭಾನುವಾರ ಆ ಪ್ಲಾಟುಗಳ ಕಡೆ ಹೋದೆ. ಹಿಂದೆ ಹಳ್ಳದ ತಗ್ಗಿದ್ದ ಜಾಗ ಈಗ ಸಮತಟ್ಟಾಗಿ, ಕಲ್ಲು ನೆಟ್ಟು, ನಂಬರು ಬರೆದು ಹರಡಿಕೊಂಡಿತ್ತು. ಕರಿಮಣ್ಣಿನಲ್ಲಿ ಪ್ಲಾಸ್ಟಿಕ್ಕಿನ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅಲ್ಲಲ್ಲಿ ಪಾಯ ತೋಡುತ್ತಿದ್ದರು. ಒಂದು ಮನೆ ಆಗಲೇ ಎದ್ದು ನಿಂತಿತ್ತು. ಅದರ ಮುಂದೆ ಒಬ್ಬ ಹೆಣ್ಣುಮಗಳು ಬಿಂದಿಗೆಯಿಂದ ಒಂದು ಸಣ್ಣ ಸಸಿಗೆ ನೀರು ಹಾಕುತ್ತಿದ್ದಳು.

ರಸ್ತೆ ಮುಗಿದು ಆ ಮಣ್ಣು ಶುರುವಾಗುವ ಅಂಚಿನಲ್ಲಿ ನಾನು ನಿಂತೆ. ಮುಂದಿನ ಹೆಜ್ಜೆ ಇಡಲಾಗಲಿಲ್ಲ. ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ನಡೆದೆ.

"ಯಾರ್ನ ಹುಡಕಾಕತ್ತೀರ್ರಿ?" ಆ ಹೆಣ್ಣುಮಗಳು ಅಲ್ಲಿಂದಲೇ ಕೂಗಿದಳು. ಹತ್ತಿರ ಬರುತ್ತಿದ್ದಂತೆ ನನ್ನ ಕಾಲು ನೋಡಿ ಬೆಚ್ಚಿದಳು. "ಅಯ್ಯ, ಚಪ್ಪಲ್ ಹಾಕ್ಕೊಳ್ರಿ ಅಕ್ಕಾರ! ಈ ಮಣ್ಣಾಗ ಬರೇ ಗಾಜು ಅದಾವ. ಹಿಂಗ ಯಾಕ ತಗದ್ರಿ?"

ಅವಳಿಗೆ ಏನು ಹೇಳಲಿ? ಅಷ್ಟು ಆಸೆಯಿಂದ ಮನೆ ಕಟ್ಟಿಸಿಕೊಂಡಿದ್ದಳು, ಬಾಗಿಲಿನ ಹಸಿ ತೋರಣ ಇನ್ನೂ ಬಾಡಿರಲಿಲ್ಲ.

"ಇರ್ಲಿ ಬಿಡವಾ" ಎಂದೆ. "ನೋಡಿಕೊಂಡು ನಡಿತೇನಿ."